ಉತ್ತಮ ಪುರುಷ, ಏಕವಚನ

ಹೊಳಲ್ಕೆರೆಯಿಂದ ಓದುಗರೊಬ್ಬರ ಪತ್ರ ಬಂದಿದೆ. ಡಿಗ್ರಿ ಮುಗಿಸಿ ಮನೆಯ ಅಡಿಕೆ ತೋಟ ನೋಡಿಕೊಳ್ಳುತ್ತಿರುವ ಹುಡುಗ. 'ಕಾದಂಬರಿ, ನಾಟಕ, ಸಿನಿಮಾ ಎಲ್ಲದರ ಬಗ್ಗೆ ಬರೀತೀರಿ ಸಾರ್. ನನ್ನಂಥವರು ರಾತ್ರಿ ಕೂತು ಆಡೋ ಕಥೆಗಳ ಬಗ್ಗೆ ಒಂದು ಸಾಲೂ ಇಲ್ಲವಲ್ಲ' ಎಂದು ಕೇಳಿದ್ದಾರೆ. 'ಜೂಡಾಸ್' ಎಂಬ ವಿಡಿಯೊ ಗೇಮಿಗಾಗಿ ಅವರು ಕಾಯುತ್ತಿದ್ದಾರಂತೆ. ಪತ್ರದ ಕೊನೆಗೆ ಇನ್ನೊಂದು ಮಾತು: 'ಬಂದರೂ ಹೇಳಿದ ಹಾಗೆ ಇರುತ್ತೆ ಅನ್ನೋ ನಂಬಿಕೆ ಇಲ್ಲ. ಆದರೂ ಕಾಯ್ತಿದೀನಿ.'

ಅವರ ದೂರು ನ್ಯಾಯವಾದದ್ದು. ಈ ಸಲದ ಸಂಪಾದಕರ ಮಾತು ಆ ಪತ್ರಕ್ಕೆ ಉತ್ತರ.

ಈ ಬಗೆಯ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಪರದೆಯ ಮೇಲೆ ಕಥಾನಾಯಕನ ಮುಖ ಕಾಣುವುದಿಲ್ಲ. ಅವನ ಕೈ ಕಾಣುತ್ತದೆ, ಕೈಯಲ್ಲಿ ಬಂದೂಕು ಕಾಣುತ್ತದೆ. ಅವನ ಕಣ್ಣೇ ನಮ್ಮ ಕಣ್ಣು. ನಮ್ಮ ವ್ಯಾಕರಣದ ಮೇಷ್ಟರು ಕಲಿಸಿದ ಉತ್ತಮ ಪುರುಷ ಏಕವಚನ ಎಂದರೆ ಇದೇ: ನಾನು. ಇಂಟರ್‌ನೆಟ್ಟಿನಲ್ಲಿ ಹತ್ತು ಜನ ಸೇರಿ ಆಡುವುದು ಬೇರೆ. ಒಬ್ಬನೇ ಕೂತು ಒಂದು ಕಥೆಯನ್ನು ತುದಿಯವರೆಗೆ ನಡೆದು ಮುಗಿಸುವುದು ಬೇರೆ. ಎರಡನೆಯದು ಕಾದಂಬರಿ ಓದುವುದಕ್ಕೆ ಬಹಳ ಹತ್ತಿರ. ನಾನು ಮಾತಾಡುತ್ತಿರುವುದು ಅದರ ಬಗ್ಗೆ.

ನನಗೂ ಇದರ ರುಚಿ ಗೊತ್ತು. 2001-02ರ ಸುಮಾರಿಗೆ ಚಿತ್ರದುರ್ಗದ ಬಿ.ಡಿ. ರಸ್ತೆಯ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು 'ಪ್ರಾಜೆಕ್ಟ್ ಐಜಿಐ' ಆಡುತ್ತಿದ್ದೆ. ನಾರ್ವೆ ದೇಶದ ಇನ್ನರ್‌ಲೂಪ್ ಸ್ಟುಡಿಯೋಸ್ ಎಂಬ ಸಣ್ಣ ತಂಡ ಮಾಡಿದ ಆ ಆಟ ಬಿಡುಗಡೆಯಾದದ್ದು 2000ದ ಡಿಸೆಂಬರಿನಲ್ಲಿ. ಡೇವಿಡ್ ಜೋನ್ಸ್ ಎಂಬ ಗೂಢಚಾರ ಒಬ್ಬನೇ ಶತ್ರುವಿನ ನೆಲೆಗಳಿಗೆ ನುಗ್ಗಬೇಕು. ಒಟ್ಟು 14 ಮಿಷನ್. ಅದಕ್ಕೂ ಮುಂಚೆ ಆ ತಂಡದವರು ಯುದ್ಧವಿಮಾನ ಹಾರಿಸುವ ಆಟ ಮಾಡಿದ್ದರು. ಮೇಲಿನಿಂದ ಮೈಲಿಗಟ್ಟಲೆ ನೆಲ ತೋರಿಸುವ ಅದೇ ತಂತ್ರವನ್ನು ಇಲ್ಲಿಯೂ ಬಳಸಿಕೊಂಡಿದ್ದರಿಂದ, ಆಗಿನ ಬೇರೆ ಆಟಗಳ ಹಾಗೆ ಓಣಿ, ಕೋಣೆಗಳಲ್ಲೇ ಸುತ್ತಬೇಕಿರಲಿಲ್ಲ. ಎದುರಿಗೆ ಬೆಟ್ಟ, ಬಯಲು, ಮುಳ್ಳುತಂತಿ ಬೇಲಿ, ದೂರದಲ್ಲಿ ಕಾವಲು ಗೋಪುರ. ಗುಡ್ಡದ ಮೇಲೆ ಮಲಗಿ ಬೈನಾಕ್ಯುಲರ್‌ನಲ್ಲಿ ನೋಡಿ, ಯಾವ ಕಡೆಯಿಂದ ಇಳಿಯಬೇಕು ಎಂದು ನಾವೇ ತೀರ್ಮಾನಿಸಬೇಕು. ಬಂಡೆಯಿಂದ ಬಂಡೆಗೆ ಹತ್ತಿ ಬೆಳೆದ ದುರ್ಗದ ಹುಡುಗರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಆ ಆಟದಲ್ಲಿ ನಡುವೆ ಸೇವ್ ಮಾಡುವ ವ್ಯವಸ್ಥೆ ಇರಲಿಲ್ಲ. ಸತ್ತರೆ ಮಿಷನ್ ಮೊದಲಿನಿಂದ. ಮುಕ್ಕಾಲು ಗಂಟೆ ತೆವಳಿ, ಕ್ಯಾಮೆರಾ ಆರಿಸಿ, ಅಲಾರಂ ಕೆಡಿಸಿ, ಇನ್ನೇನು ಕೊನೆಯ ಕಟ್ಟಡ ಎನ್ನುವಾಗ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಕುಯ್ ಕುಯ್ ಎಂದು ಎರಡು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ಕತ್ತಲಲ್ಲಿ ಪಕ್ಕದ ಸಿಸ್ಟಮ್ಮಿನ ಹುಡುಗ 'ಥೂ, ಮತ್ತೆ ಫಸ್ಟಿಂದ' ಎನ್ನುತ್ತಿದ್ದ. ಮಿಷನ್ನಿಗೆ ಮುಂಚೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಸೂಚನೆ ನಮಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಪೆಟ್ಟು ತಿಂದು ತಿಳಿಯುತ್ತಿದ್ದೆವು. ದೋಷಗಳೂ ಇದ್ದವು. ಅಲಾರಂ ಹೊಡೆದರೆ ಒಂದೇ ಕೊಠಡಿಯಿಂದ ಸೈನಿಕರು ಬರುತ್ತಲೇ ಇರುತ್ತಿದ್ದರು, ಲೆಕ್ಕವೇ ಇಲ್ಲ. ಆದರೂ ಅಲ್ಲಿನ ಒಂಟಿತನ, ಗಾಳಿಯ ಸದ್ದು, ನಮ್ಮದೇ ಹೆಜ್ಜೆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ 2019ರಲ್ಲಿ ಅದರ ಪೂರ್ವಕಥೆಯಾಗಿ 'ಐಜಿಐ ಒರಿಜಿನ್ಸ್' ಬರುತ್ತದೆ ಎಂಬ ಟ್ರೈಲರ್ ನೋಡಿದಾಗ ಮೈ ಜುಮ್ಮೆಂದಿತು. ಶೀತಲ ಸಮರದ ಕಾಲದ ಕಥೆ, ಅದೇ ಒಂಟಿ ಗೂಢಚಾರ. ಹಳೆಯ ಗೆಳೆಯರಿಗೆಲ್ಲ ಕಳಿಸಿದೆ. ಹಿರಿಯೂರಿನಲ್ಲಿ ಅಂಗಡಿ ಇಟ್ಟಿರುವ ಗೆಳೆಯ 'ಮೊದಲು ಬರಲಿ ಬಿಡಪ್ಪ' ಎಂದಷ್ಟೇ ಹೇಳಿದ. ಅವನ ಮಾತೇ ನಿಜವಾಯಿತು. 2023ರಲ್ಲಿ ಅದನ್ನು ಮಾಡುತ್ತಿದ್ದ ಬ್ರಿಟನ್ನಿನ ಆಂಟಿಮ್ಯಾಟರ್ ಗೇಮ್ಸ್ ಸ್ಟುಡಿಯೋ ಮುಚ್ಚಿತು, ಆಟವೂ ಅಲ್ಲಿಗೇ ನಿಂತಿತು. ನಮ್ಮ ಕೈಗೆ ಉಳಿದದ್ದು ಆ ಟ್ರೈಲರ್ ಒಂದೇ.

ಈ ಉದ್ಯಮದಲ್ಲಿ ಇಂಥವು ಬಹಳ. 'ಡ್ಯೂಕ್ ನ್ಯೂಕೆಮ್ ಫಾರೆವರ್' 1997ರಲ್ಲಿ ಘೋಷಣೆಯಾಗಿ ಬಂದದ್ದು 2011ರಲ್ಲಿ. ಬಂದ ಮೇಲೆ ಕಾದವರೇ ತಲೆ ತಗ್ಗಿಸಿದರು. 'ಸೈಬರ್‌ಪಂಕ್ 2077' ಎಂಟು ವರ್ಷದ ಪ್ರಚಾರದ ನಂತರ 2020ರ ಡಿಸೆಂಬರಿನಲ್ಲಿ ಎಷ್ಟು ಹದಗೆಟ್ಟು ಬಂತೆಂದರೆ ಸೋನಿ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ತೆಗೆದುಹಾಕಿತು. ಆಮೇಲೆ ವರ್ಷಗಟ್ಟಲೆ ಕೂತು ಸರಿಮಾಡಿದರು, ಈಗ ಅದು ಒಳ್ಳೆಯ ಆಟ. ಮೊದಲ ದಿನವೇ ದುಡ್ಡು ಕೊಟ್ಟವರಿಗೆ ಅದರಿಂದ ಏನು ಬಂತು?

ಹೊಳಲ್ಕೆರೆಯ ಗೆಳೆಯರು ಕಾಯುತ್ತಿರುವ 'ಜೂಡಾಸ್' ಕೆನ್ ಲೆವಿನ್ ಅವರ ಕೆಲಸ. 2007ರ 'ಬಯೋಶಾಕ್' ಮಾಡಿದ ಮನುಷ್ಯ. ಗುಂಡಿನ ಆಟದೊಳಗೆ ಒಂದು ಸಿದ್ಧಾಂತದ ಸೋಲನ್ನು ಕಥೆಯಾಗಿ ಹೇಳಬಹುದು ಎಂದು ತೋರಿಸಿದವರು. ಹಾಗಾಗಿ ಆಸೆ ಸಹಜ. ಅದೇ ಲೆವಿನ್ ಅವರ 'ಬಯೋಶಾಕ್ ಇನ್ಫಿನಿಟ್'ಗೆ 2011ರಲ್ಲಿ ತೋರಿಸಿದ ದೃಶ್ಯಗಳಲ್ಲಿ ಹಲವು 2013ರಲ್ಲಿ ಬಂದ ಆಟದಲ್ಲಿ ಇರಲೇ ಇಲ್ಲ. ಹಾಗಾಗಿ ಅನುಮಾನವೂ ಸಹಜ. 'ಜೂಡಾಸ್' ಘೋಷಣೆಯಾದದ್ದು 2022ರ ಡಿಸೆಂಬರಿನಲ್ಲಿ.

ಕಾಯುವುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಅಷ್ಟರಲ್ಲಿ ಹಿರಿಯೂರಿನ ಎರಡು ತಲೆಮಾರು 'ಇನ್ನು ತುಂಬೋದಿಲ್ಲ' ಎಂದೇ ನಂಬಿ ಬದುಕಿತ್ತು. ಕೋಡಿ ನೋಡಲು ಜಾತ್ರೆಯ ಹಾಗೆ ಜನ ಬಂದರು. ಅದೇ ಹೊತ್ತಿಗೆ ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ತೋಟಗಳು ಮುಳುಗಿದವು. ಇನ್ನು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಎಂದು ಓದಿದಾಗ ಪಟಾಕಿ ಹೊಡೆದವರೂ ಇದ್ದರು, 'ನೀರು ಕಾಲುವೆಗೆ ಬಂದ ಮೇಲೆ ಹೇಳಿ' ಎಂದ ರೈತರೂ ಇದ್ದರು. ಆ ರೈತರಿಗೆ ನೀರಿನ ಆಸೆ ಕಡಿಮೆ ಇತ್ತೆಂದು ಯಾರು ಹೇಳಿಯಾರು? ಆಟಕ್ಕೆ ಕಾಯುವ ಹುಡುಗರ ಅನುಮಾನವನ್ನು ನಾನು ಹಾಗೆಯೇ ನೋಡುತ್ತೇನೆ.

ನನ್ನ ದೊಡ್ಡ ಅನುಮಾನ ಬೇರೆಯದು. ದುರ್ಗದ ಕೋಟೆಯ ಮೇಲೆಯೇ ಇಂಥದೊಂದು ಆಟ ಮಾಡಬೇಕು ಎಂದು ಇಲ್ಲಿನ ಇಂಜಿನಿಯರಿಂಗ್ ಹುಡುಗರು ಹೇಳುವುದನ್ನು ಹಲವು ಸಲ ಕೇಳಿದ್ದೇನೆ. ಏಳು ಸುತ್ತು, ತಿರುತಿರುಗಿ ಒಳಹೋಗುವ ಬಾಗಿಲುಗಳು, ಕಳ್ಳಗಂಡಿಗಳು: ಆಟಕ್ಕೆಂದೇ ಕಟ್ಟಿದ ಹಾಗಿದೆ, ನಿಜ. ಓಬವ್ವನ ಕಿಂಡಿಯಂತೂ ಸರಿಯೇ ಸರಿ. ಒಬ್ಬ ಮನುಷ್ಯ ಮೈ ಕುಗ್ಗಿಸಿ, ತಲೆ ಮೊದಲು ಹಾಕಿ ತೂರಬೇಕಾದ ಸಂದು. ಹೊರಗಿನ ಬಿಸಿಲಿನಿಂದ ತಲೆ ಒಳಗಿಟ್ಟರೆ ಒಂದು ಕ್ಷಣ ಏನೂ ಕಾಣದು. ಬಂಡೆ ತಣ್ಣಗೆ ಭುಜಕ್ಕೆ ತಾಗುತ್ತದೆ.

ಆದರೆ ಅಲ್ಲಿ ಕುಳಿತು ಎಷ್ಟು ತಲೆ ಎಂದು ಎಣಿಸುವುದಷ್ಟೇ ಆಟವಾದರೆ ಓಬವ್ವ ಅದರಲ್ಲಿ ಇರುವುದಿಲ್ಲ. ಜನ ಹೇಳಿಕೊಂಡು ಬಂದ ಕಥೆಯಲ್ಲಿ ಅವಳು ಗಂಡನಿಗೆ ಊಟಕ್ಕಿಟ್ಟು ನೀರಿಗೆ ಬಂದವಳು. ಸೊಂಟದಲ್ಲಿ ಕೊಡ, ಕಿವಿಗೆ ಬಿದ್ದ ಹೈದರಾಲಿಯ ಸೈನಿಕರ ಪಿಸುಮಾತು, ಗಂಡನನ್ನು ತುತ್ತಿನ ನಡುವೆ ಎಬ್ಬಿಸಲೋ ಬೇಡವೋ ಎಂಬ ಗಳಿಗೆ. ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. 'ನಾನು' ಎಂದು ಆಡುವವನಿಗೆ ಆ ಗಳಿಗೆ ದಕ್ಕಬೇಕು. ಕಿಂಡಿಯಲ್ಲಿ ತಲೆ ಹಾಕಿದವನಿಗೂ ಮುಖ ಇರಬೇಕು. 1779ರಲ್ಲಿ ದುರ್ಗ ಹೈದರಾಲಿಯ ವಶವಾದ ಮೇಲೆ ಇಲ್ಲಿನ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಹುಡುಗರನ್ನು ಚೇಲಾ ಪಡೆಗಳಾಗಿ ಅದೇ ಸೈನ್ಯಕ್ಕೆ ಸೇರಿಸಿಕೊಂಡರು. ಕೋಟೆ ಕಾದವರ ಮಕ್ಕಳು ಮುಂದೆ ಇನ್ನಾವುದೋ ಕೋಟೆಗೆ ಲಗ್ಗೆ ಹಾಕಿದವರ ಸಾಲಿನಲ್ಲಿ ನಿಂತರು. ಇದನ್ನು ಹೇಳಬಲ್ಲ ಆಟ ಬಂದರೆ ಎಷ್ಟು ವರ್ಷವಾದರೂ ಕಾಯುತ್ತೇನೆ.

ಮೂಡಲಪಾಯ ಬಯಲಾಟ ನೋಡಿ ಬಂದ ನಮ್ಮ ಹಿರಿಯರು 'ರಾತ್ರಿ ಆಟಕ್ಕೆ ಹೋಗಿದ್ವಿ' ಎನ್ನುತ್ತಿದ್ದರು. ಕನ್ನಡದಲ್ಲಿ ಆಟ ಎಂದರೆ ಮೊದಲಿನಿಂದಲೂ ಕಥೆಯೂ ಹೌದು. ಹೊಸದುರ್ಗದ ಸಾಣೇಹಳ್ಳಿಯಲ್ಲಿ ಶಿವಸಂಚಾರದ ನಾಟಕ ನೋಡಿ ರಾತ್ರಿಯೆಲ್ಲ ವಾದ ಮಾಡುವ ನಾವು, ನಮ್ಮದೇ ಮನೆಯ ಮಗು ಮುಚ್ಚಿದ ಬಾಗಿಲ ಹಿಂದೆ ನಲವತ್ತು ಗಂಟೆ ಆಡಿ ಮುಗಿಸಿದ ಕಥೆ ಯಾವುದು ಎಂದು ಕೇಳಿಲ್ಲ. ಈ ಪತ್ರಿಕೆಯೂ ಕೇಳಿಲ್ಲ. ಅದು ನಮ್ಮ ತಪ್ಪು.

ಆದ್ದರಿಂದ ಮುಂದಿನ ಸಂಚಿಕೆಯಿಂದ ಎರಡು ಪುಟ ಇದಕ್ಕೆ ಮೀಸಲು. ನೀವು ಆಡಿ ಮುಗಿಸಿದ ಒಂದು ಆಟದ ಬಗ್ಗೆ ಕನ್ನಡದಲ್ಲಿ ಬರೆದು ಕಳಿಸಿ. ಗ್ರಾಫಿಕ್ಸಿನ ಮಾತು ಒಂದು ಸಾಲು ಸಾಕು. ಅದರೊಳಗೆ ನೀವು ಯಾರಾಗಿದ್ದಿರಿ, ಯಾರ ಮೇಲೆ ಗುಂಡು ಹಾರಿಸಿದಿರಿ, ಎಲ್ಲಿ ಕೈ ತಡೆಯಿತು, ಅದನ್ನು ಬರೆಯಿರಿ. ಬರಲಿರುವ ಆಟಕ್ಕೆ ಮುಂಗಡ ದುಡ್ಡು ಮಾತ್ರ ಕಟ್ಟಬೇಡಿ. ಬಂದ ಮೇಲೆ ಒಂದು ವಾರ ತಡೆದು ಕೊಳ್ಳಿ. ಹೊಳಲ್ಕೆರೆಯ ಗೆಳೆಯರೇ, ಮೊದಲ ಬರಹ ನಿಮ್ಮಿಂದಲೇ ಬರಲಿ. ಅಡಿಕೆ ಕೊಯ್ಲು ಮುಗಿಸಿ ನಿಧಾನವಾಗಿಯೇ ಕಳಿಸಿ, ಆ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.