ಓಡಿಸಲು ಕಲಿತರೆ ಸಾಲದು, ನಿಲ್ಲಿಸಲೂ ಬರಬೇಕು

ಲೈಸೆನ್ಸ್‌ಗಾಗಿ '8' ಹಾಕುವುದನ್ನು ನಾವೆಲ್ಲ ದಿನಗಟ್ಟಲೆ ಅಭ್ಯಾಸ ಮಾಡುತ್ತೇವೆ. ಬೈಕ್‌ಗೆ ಸರಿಯಾಗಿ ಸ್ಟ್ಯಾಂಡ್ ಹಾಕುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡುವುದಿಲ್ಲ. ಕಾಲೇಜು ಪಾರ್ಕಿಂಗ್‌ನಲ್ಲಿ ಒಂದು ಭಾರಿ ಬೈಕ್ ವಾಲಿದರೆ ಸಾಲಿಗೆ ಸಾಲೇ ಉರುಳುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಕ 195 ಕೆ.ಜಿ. ಅದರಡಿ ಯಾರದಾದರೂ ಕಾಲು ಸಿಕ್ಕರೆ?

ಸೆಂಟರ್ ಸ್ಟ್ಯಾಂಡ್ ಹಾಕಲು ತೋಳ್ಬಲ ಬೇಕು ಎಂಬುದು ತಪ್ಪು ಕಲ್ಪನೆ. ಸಮತಟ್ಟಾದ ಜಾಗದಲ್ಲಿ ಬೈಕನ್ನು ನೆಟ್ಟಗೆ ಹಿಡಿದು, ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ಬಲಗಾಲಿನಿಂದ ಒತ್ತಬೇಕು. ಬಳಿಕ ಮೈಭಾರವನ್ನೆಲ್ಲ ಆ ಪಾದದ ಮೇಲೆ ಬಿಟ್ಟರೆ ಬೈಕ್ ಹಿಂದಕ್ಕೆ ಏರಿ ಕೂರುತ್ತದೆ. ಕೈಗಳದ್ದು ಆಧಾರ ಕೊಡುವ ಕೆಲಸವಷ್ಟೇ. ತೋಳಿನಿಂದ ಎತ್ತಲು ಹೋದರೆ ಸೊಂಟ ಹಿಡಿದೀತು.

ಸೈಡ್ ಸ್ಟ್ಯಾಂಡ್ ಆದರೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಎಂಜಿನ್ ನಿಲ್ಲಿಸಿ ಫಸ್ಟ್ ಗೇರ್‌ನಲ್ಲಿ ಬಿಡಿ. ಇಳಿಜಾರಿನಲ್ಲಿ ಮುಂದಿನ ಚಕ್ರ ಏರಿನ ಕಡೆಗಿರಲಿ. ಮಳೆಗಾಲದ ಹಸಿ ಮಣ್ಣಿನಲ್ಲಿ, ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ. ಅದರಡಿ ಒಂದು ಚಪ್ಪಟೆ ಕಲ್ಲು ಇಡಿ.

ಬೈಕ್ ಬಿದ್ದಾಗ ನಮಗೆ ಮೊದಲು ಕಾಣುವುದು ಟ್ಯಾಂಕ್ ಮೇಲಿನ ಗೀರು. ಬಿದ್ದಿದ್ದನ್ನು ಎತ್ತಿ ನಿಲ್ಲಿಸುವವರು ವಯಸ್ಸಾದ ವಾಚ್‌ಮನ್. ರಸ್ತೆ ಬದಿಯಲ್ಲಾದರೆ ಪಕ್ಕದಲ್ಲೇ ಯಾರದೋ ಮಗು ಆಡುತ್ತಿರುತ್ತದೆ. ಪಾರ್ಕಿಂಗ್ ಜಾಗ ಸಾಲದು ಎಂಬುದು ನಿಜ. ಹಾಗೆಂದು ಒಂದಕ್ಕೊಂದು ತಾಗಿಸಿ ನಿಲ್ಲಿಸುವುದು ಪರಿಹಾರವಲ್ಲ. ಹೊರಡುವ ಮುನ್ನ ಬೈಕನ್ನು ಮೆಲ್ಲಗೆ ಅಲುಗಿಸಿ ನೋಡಲು ಐದು ಸೆಕೆಂಡ್ ಸಾಕು. ಇಂಟರ್‌ವ್ಯೂಗೆ ತಡವಾಗಿದ್ದರೂ ಆ ಐದು ಸೆಕೆಂಡ್ ಕೊಡೋಣ.