ಪ್ರೋಟೀನು ಪುಡಿಯೂ ಹೆಂಗಸರ ಊಟದ ಪಾಲೂ

ಸಂಜೆ ದೀಪ ಹತ್ತುವ ಹೊತ್ತಿಗೆ ಸರ್ವಜ್ಞನಗರದ ಕಮ್ಮನಹಳ್ಳಿಯ ರಸ್ತೆಯಲ್ಲಾಗಲಿ, ಅದಕ್ಕೆ ಅನತಿದೂರದ ಇಂದಿರಾನಗರದಲ್ಲಾಗಲಿ ನಡೆದುಬರುವವರು ಮಹಡಿಗಳ ಗಾಜಿನ ಕಿಟಕಿಗಳತ್ತ ಒಮ್ಮೆ ಕಣ್ಣೆತ್ತಿ ನೋಡಿದರೆ ಹೊಸದೊಂದು ದೃಶ್ಯವನ್ನು ಕಾಣಬಹುದು. ಹಿಂದೆ ಗಂಡಸರಿಗೇ ಮೀಸಲೆಂಬಂತಿದ್ದ ವ್ಯಾಯಾಮಶಾಲೆಗಳಲ್ಲಿ ಈಗ ಹೆಂಗಸರೂ ಕಬ್ಬಿಣದ ತೂಕಗಳನ್ನೆತ್ತಿ ಸಾಧನೆ ಮಾಡುತ್ತಿದ್ದಾರೆ. ಕಛೇರಿಯಿಂದ ನೇರವಾಗಿ ಬಂದ ತರುಣಿಯರು, ಮಕ್ಕಳನ್ನು ಪಾಠಕ್ಕೆ ಬಿಟ್ಟು ಬಂದ ತಾಯಂದಿರು, ವೈದ್ಯರ ಸಲಹೆಯ ಮೇಲೆ ಬಂದ ಐವತ್ತು ದಾಟಿದವರು, ಹೀಗೆ ಎಲ್ಲ ವಯಸ್ಸಿನವರೂ ಅಲ್ಲಿದ್ದಾರೆ. ಸಾಧನೆ ಮುಗಿದೊಡನೆ ಅವರಲ್ಲಿ ಹಲವರ ಕೈಗೆ ಬರುವುದು ಮುಚ್ಚಳವಿರುವ ಒಂದು ಲೋಟ. ಅದರಲ್ಲಿ ನೀರಿಗೋ ಹಾಲಿಗೋ ಹಾಕಿ ಕುಲುಕಿದ ಪ್ರೋಟೀನು ಪುಡಿ.

ಈ ಪುಡಿಯನ್ನು ಕೆಲವರು ಸಂಜೀವಿನಿಯೆಂದು ಹೊಗಳುತ್ತಾರೆ. ಮತ್ತೆ ಕೆಲವರು, ಮುಖ್ಯವಾಗಿ ಮನೆಯ ಹಿರಿಯರು, ಅದನ್ನು ವಿಷವೆಂದು ಹೆದರಿಸುತ್ತಾರೆ. ಎರಡೂ ಉತ್ಪ್ರೇಕ್ಷೆಯ ಮಾತುಗಳೆಂಬುದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲ, ಈ ವಾದದ ಗದ್ದಲದಲ್ಲಿ ಅದಕ್ಕಿಂತ ಹಿರಿದಾದ ಪ್ರಶ್ನೆಯೊಂದು ಮರೆಯಾಗುತ್ತಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಂಗಸರು ಭಾರವನ್ನೆತ್ತುವುದು ಯುಕ್ತವೇ ಎಂಬುದನ್ನು ನೋಡೋಣ. ಮೂವತ್ತು ವರ್ಷ ದಾಟಿದ ಮೇಲೆ ಮನುಷ್ಯನ ಸ್ನಾಯುಗಳು ಮೆಲ್ಲಮೆಲ್ಲನೆ ಕ್ಷೀಣಿಸುತ್ತವೆ. ಹತ್ತು ವರ್ಷಕ್ಕೆ ನೂರರಲ್ಲಿ ಮೂರರಿಂದ ಎಂಟು ಪಾಲಿನಷ್ಟು ನಷ್ಟವೆಂದು ಶರೀರಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಮುಟ್ಟು ನಿಂತ ಬಳಿಕ ಹೆಂಗಸರ ಮೂಳೆಗಳೂ ಬೇಗನೆ ಸಡಿಲವಾಗುತ್ತವೆ. ಜಾರಿ ಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿದು ಆಕೆ ಹಾಸಿಗೆ ಹಿಡಿದ ಸಂಗತಿಯನ್ನು ಅರಿಯದ ಮನೆ ಯಾವುದಿದೆ? ಕ್ರಮವಾಗಿ ಭಾರವನ್ನೆತ್ತುವ ವ್ಯಾಯಾಮವು ಸ್ನಾಯುವನ್ನೂ ಮೂಳೆಯನ್ನೂ ಗಟ್ಟಿಗೊಳಿಸುತ್ತದೆ. ಇದರಿಂದ ಹೆಂಗಸಿನ ಮೈ ಗಂಡಸಿನಂತಾದೀತೆಂಬ ಭಯಕ್ಕೆ ಆಧಾರವಿಲ್ಲ. ದೊಡ್ಡ ಸ್ನಾಯುಗಳನ್ನು ಬೆಳೆಸುವ ಟೆಸ್ಟೊಸ್ಟೆರೋನ್ ಎಂಬ ರಸವು ಹೆಂಗಸರ ದೇಹದಲ್ಲಿ ಅತ್ಯಲ್ಪ. 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡಾಕೂಟದಲ್ಲಿ ಹೆಂಗಸರ ಭಾರ ಎತ್ತುವ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ, ಆಂಧ್ರದ ಕರ್ಣಂ ಮಲ್ಲೇಶ್ವರಿಯವರು ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನು ತಂದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಭಾರ ಎತ್ತುವಾಕೆಯೇ ಎಂಬುದು ನೆನಪಿಡತಕ್ಕ ಮಾತು.

ಇನ್ನು ಆಹಾರದ ವಿಚಾರ. ಭಾರವನ್ನೆತ್ತಿದಾಗ ಸ್ನಾಯುವಿನ ಎಳೆಗಳಿಗೆ ಸ್ವಲ್ಪ ಪೆಟ್ಟಾಗುತ್ತದೆ. ವಿಶ್ರಾಂತಿಯ ಕಾಲದಲ್ಲಿ ದೇಹವು ಅವನ್ನು ದುರಸ್ತಿ ಮಾಡಿ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಈ ಕಟ್ಟಡಕ್ಕೆ ಬೇಕಾದ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವು ದೊರೆಯುವುದು ಪ್ರೋಟೀನಿನಿಂದ. ನಮ್ಮ ಹಳೆಯ ಪಠ್ಯಪುಸ್ತಕಗಳು ಇದನ್ನೇ ಸಸಾರಜನಕವೆಂದು ಕರೆಯುತ್ತಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಎಂದರೆ 55 ಕಿಲೋಗ್ರಾಂ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಭಾರವನ್ನೆತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕು. 2018ರಲ್ಲಿ ಬ್ರಿಟನ್ನಿನ ಕ್ರೀಡಾವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯು 49 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 1863 ಜನರನ್ನು ಒಟ್ಟಾಗಿ ಪರಿಶೀಲಿಸಿತು. ವ್ಯಾಯಾಮದೊಡನೆ ಹೆಚ್ಚಿನ ಪ್ರೋಟೀನು ಸೇವಿಸಿದವರಲ್ಲಿ ಕೊಬ್ಬಿಲ್ಲದ ತೂಕವು ಸರಾಸರಿ 0.3 ಕಿಲೋಗ್ರಾಮಿನಷ್ಟು ಅಧಿಕವಾಗಿ ಬೆಳೆಯಿತು. ಆದರೆ ದಿನದ ಒಟ್ಟು ಪ್ರಮಾಣವು ಕಿಲೋಗ್ರಾಮಿಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಫಲ ಕಾಣಲಿಲ್ಲ. ಇದರ ತಾತ್ಪರ್ಯವಿಷ್ಟೆ: ಪ್ರೋಟೀನು ನೆರವಾಗುವುದು ನಿಜ, ಆದರೆ ನೆರವು ಅಲ್ಪ, ಅದಕ್ಕೊಂದು ಮಿತಿಯುಂಟು, ಸ್ನಾಯುವನ್ನು ಬೆಳೆಸುವ ಮುಖ್ಯ ಕಾರಣ ವ್ಯಾಯಾಮವೇ.

ಪುಡಿಯ ಮೂಲವೇನು? ಹಾಲನ್ನು ಒಡೆಸಿ ಗಿಣ್ಣು ಮಾಡುವಾಗ ಉಳಿಯುವ ತಿಳಿಯಾದ ನೀರೇ ಹಾಲೊಡಕು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದನೆಯ ಒಂದು ಪಾಲು ಈ ನೀರಿನಲ್ಲಿದೆ. ಅದನ್ನು ಸೋಸಿ ಒಣಗಿಸಿದರೆ ಪುಡಿಯಾಗುತ್ತದೆ. ಒಂದು ಅಳತೆ ಪುಡಿಯಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಪ್ರೋಟೀನು ಇರುತ್ತದೆ. ಅದು ಬೇಗನೆ ಜೀರ್ಣವಾಗುತ್ತದೆ, ಅದರ ಗುಣವೂ ಉತ್ತಮ. ಆದುದರಿಂದ ಅದು ಮಾಯೆಯೂ ಅಲ್ಲ, ವಿಷವೂ ಅಲ್ಲ. ಹಾಲಿನ ಒಂದು ಅಂಶ ಮಾತ್ರ.

ಇದೇ ಪ್ರಮಾಣವನ್ನು ನಮ್ಮ ಅಡುಗೆಮನೆ ಒದಗಿಸಲಾರದೇ? ಲೆಕ್ಕ ಹಾಕಿ ನೋಡೋಣ. 150 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ ಸುಮಾರು 11 ಗ್ರಾಂ, ಅಷ್ಟೇ ಅಕ್ಕಿಯ ಅನ್ನದಿಂದ 11 ಗ್ರಾಂ, 60 ಗ್ರಾಂ ತೊಗರಿಬೇಳೆಯಿಂದ 13 ಗ್ರಾಂ, 40 ಗ್ರಾಂ ಹೆಸರುಕಾಳಿನಿಂದ 9 ಗ್ರಾಂ, ಅರ್ಧ ಲೀಟರು ಹಾಲು ಮೊಸರುಗಳಿಂದ 16 ಗ್ರಾಂ, ಎರಡು ಮೊಟ್ಟೆಗಳಿಂದ 13 ಗ್ರಾಂ, ಒಂದು ಹಿಡಿ ಕಡಲೆಕಾಯಿಬೀಜದಿಂದ 7 ಗ್ರಾಂ. ಒಟ್ಟು 80 ಗ್ರಾಂ ಆಯಿತು. ಮೊಟ್ಟೆ ಒಲ್ಲದವರು ಅದರ ಬದಲು 25 ಗ್ರಾಂ ಸೋಯಾ ಉಂಡೆಗಳನ್ನು ಬಳಸಬಹುದು. ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಕಾಳುಗಳಲ್ಲಿ ಕಡಿಮೆಯಾದ ಮೆಥಿಯೋನಿನ್ ಧಾನ್ಯಗಳಲ್ಲಿ ದೊರೆಯುತ್ತದೆ. ಮುದ್ದೆಗೆ ಹುರುಳಿಯ ಸಾರನ್ನೂ ಅನ್ನಕ್ಕೆ ಹುಳಿಯನ್ನೂ ಜೋಡಿಸಿದ ನಮ್ಮ ಹಿರಿಯರ ಊಟದ ಕ್ರಮದಲ್ಲಿ ಈ ಹೊಂದಿಕೆ ತಾನಾಗಿಯೇ ಸಿದ್ಧವಾಗಿದೆ.

ಈ ಕಾಳುಗಳ ಸಾರವನ್ನು ವಿಜ್ಞಾನದ ದೃಷ್ಟಿಯಿಂದ ಮೊದಲು ಪರೀಕ್ಷಿಸಿದವರಲ್ಲಿ ಹೆಂಗಸೊಬ್ಬರಿದ್ದರು. ಆ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶ ಕೋರಿದಾಗ, ಹೆಂಗಸೆಂಬ ಕಾರಣದಿಂದ ಅಂದಿನ ನಿರ್ದೇಶಕ ಸಿ. ವಿ. ರಾಮನ್ನರು ಒಪ್ಪಲಿಲ್ಲ. ಆಕೆ ಪಟ್ಟು ಬಿಡದೆ ನಿಂತು ಷರತ್ತುಗಳ ಮೇಲೆ ಪ್ರವೇಶ ಪಡೆದರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಸಂಶೋಧನೆ ನಡೆಸಿದರು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು 1955ರಲ್ಲಿ ತಮ್ಮ ಸಹೋದ್ಯೋಗಿಯೊಡನೆ, ಅವರೆಕಾಳಿನಲ್ಲಿ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುವೊಂದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ತೋರಿಸಿದರು. ಇಂಥ ವಸ್ತುಗಳ ಶಕ್ತಿ ಬೇಯಿಸಿದಾಗ ಬಹುಮಟ್ಟಿಗೆ ಕುಂದುತ್ತದೆ. ಅವರೆಯನ್ನು ನೆನೆಸಿ ಚೆನ್ನಾಗಿ ಬೇಯಿಸಬೇಕೆಂಬ ಅಡುಗೆಯ ನಿಯಮಕ್ಕೆ ಹೀಗೆ ವಿಜ್ಞಾನದ ಬೆಂಬಲವಿದೆ.

ಪ್ರೋಟೀನು ಪುಡಿಯೂ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರೆಸಿ ವಿವಿಧೋದ್ದೇಶ ಆಹಾರವೊಂದನ್ನು ಸಿದ್ಧಪಡಿಸಿತು. ಮುಂದೆ ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಕೂಡಿಸಿ ಮಿಲ್ಟೋನ್ ಎಂಬ ಪಾನೀಯವನ್ನೂ ರೂಪಿಸಿತು. ಆದರೆ ಒಂದು ಭೇದವನ್ನು ಗಮನಿಸಬೇಕು. ಆ ಪುಡಿ, ಆ ಪಾನೀಯಗಳು ಹುಟ್ಟಿದ್ದು ಊಟ ಸಾಲದವರಿಗಾಗಿ. ಇಂದಿನ ಡಬ್ಬಿ ತಲುಪುವುದು ಬೆಲೆ ತೆರಬಲ್ಲವರಿಗೆ ಮಾತ್ರ.

ಇಲ್ಲಿಯೇ ನಾವು ಮೊದಲು ಸೂಚಿಸಿದ ಪ್ರಶ್ನೆ ಏಳುತ್ತದೆ. ಅಡುಗೆಮನೆಯಲ್ಲಿ 80 ಗ್ರಾಂ ಪ್ರೋಟೀನು ಉಂಟೆಂದು ಲೆಕ್ಕ ಹಾಕುವುದು ಸುಲಭ. ಅದು ಮನೆಯಾಕೆಯ ತಟ್ಟೆಗೆ ಬೀಳುತ್ತದೆಯೇ? ಬಸ್ಸಾರನ್ನೇ ನೋಡಿ. ಕಾಳುಸೊಪ್ಪುಗಳನ್ನು ಬೇಯಿಸಿ, ಬಸಿದ ನೀರಿನಿಂದ ಸಾರನ್ನೂ ಉಳಿದ ಕಾಳಿನಿಂದ ಪಲ್ಯವನ್ನೂ ಮಾಡುತ್ತೇವೆ. ಪ್ರೋಟೀನಿನ ಬಹುಪಾಲು ಇರುವುದು ಕಾಳಿನಲ್ಲಿ. ಗಂಡಸರಿಗೂ ಮಕ್ಕಳಿಗೂ ಬಡಿಸಿ ಎಲ್ಲರಿಗಿಂತ ಕೊನೆಗೆ ಕೂರುವಾಕೆಗೆ ಉಳಿಯುವುದು ಅನೇಕ ವೇಳೆ ತೆಳುವಾದ ಸಾರು; ಪಲ್ಯದ ಪಾತ್ರೆ ಆಗಲೇ ಬರಿದಾಗಿರುತ್ತದೆ. ಮೊಟ್ಟೆ ಮಗನಿಗೆ, ಗಟ್ಟಿ ಮೊಸರು ಯಜಮಾನರಿಗೆ, ಮಜ್ಜಿಗೆ ತನಗೆ: ಇದು ಬಡವರ ಮನೆಯ ಕತೆ ಮಾತ್ರವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಕೊರತೆಯಿರುವುದು ಒಂದು ಅಂಶದಲ್ಲಲ್ಲ, ಊಟದಲ್ಲಿಯೇ. ಹಾಲೊಡಕಿನ ಪುಡಿ ಕಬ್ಬಿಣದ ಕೊರತೆಯನ್ನು ನೀಗಲಾರದು. ಸೊಪ್ಪು, ಕಾಳು, ಮಾಂಸ, ನಿಂಬೆಹಣ್ಣಿನ ಹುಳಿ ಕೂಡಿದ ತುಂಬಿದ ತಟ್ಟೆ ನೀಗಬಲ್ಲದು. ಕೊರತೆ ತೀವ್ರವಾಗಿದ್ದರೆ ವೈದ್ಯರ ಔಷಧಿಯೂ ಬೇಕು.

ಹೀಗೆ ವಿಚಾರ ಮಾಡಿದರೆ ಆ ಮುಚ್ಚಳದ ಲೋಟದ ಆಕರ್ಷಣೆಯ ಗುಟ್ಟು ತಿಳಿಯುತ್ತದೆ. ಹಂಚಿ ಉಳಿದದ್ದಲ್ಲದ, ತನಗೆಂದೇ ಅಳೆದು ಹಾಕಿಕೊಂಡ ಆಹಾರ ಅನೇಕ ಹೆಂಗಸರಿಗೆ ಅದೊಂದೇ. ಆದ್ದರಿಂದ ಅದನ್ನು ಹಾಸ್ಯ ಮಾಡುವುದು ಉಚಿತವಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿದು, ಅಡುಗೆಗೆ ಹೊತ್ತಿಲ್ಲದಾಕೆ ಒಂದು ಅಳತೆ ಪುಡಿಯನ್ನು ಕುಡಿದರೆ ತಪ್ಪೇನೂ ಇಲ್ಲ. ಆದರೆ ಕೊಳ್ಳುವವರು ಎಚ್ಚರದಿಂದಿರಬೇಕು. 2024ರಲ್ಲಿ ಪ್ರಕಟವಾದ, ಭಾರತದಲ್ಲಿ ಮಾರಾಟವಾಗುವ 36 ಪುಡಿಗಳ ಪರೀಕ್ಷೆಯಲ್ಲಿ 25 ಪುಡಿಗಳ ಪ್ರೋಟೀನು ಪ್ರಮಾಣವು ಡಬ್ಬಿಯ ಮೇಲಿನ ಬರಹಕ್ಕೆ ಹೊಂದಲಿಲ್ಲ; ಕೆಲವು ಮಾದರಿಗಳಲ್ಲಿ ಬೂಷ್ಟಿನ ವಿಷವೂ ಕಂಡುಬಂದಿತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು, ಮೈಕಟ್ಟು ಬೆಳೆಸಲು ಇಂಥ ಪುಡಿಗಳನ್ನು ಬಳಸಬಾರದೆಂದು ತನ್ನ ಆಹಾರಸೂತ್ರಗಳಲ್ಲಿ ಸಲಹೆ ಕೊಟ್ಟಿತು. ಮೂತ್ರಪಿಂಡದ ರೋಗವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ನಮ್ಮ ನಾಡಿನ ಹೆಂಗಸಿಗೆ ಭಾರವೆಂಬುದು ಹೊಸದಲ್ಲ. ಒನಕೆ ಹಿಡಿದು ಕುಟ್ಟಿದವಳು, ಬೀಸುವ ಕಲ್ಲನ್ನು ತಿರುಗಿಸಿದವಳು, ಕೊಡಗಳನ್ನು ಹೊತ್ತವಳು ಅವಳೇ. ಈಗಲೂ ಕೃಷ್ಣರಾಜಪುರದ ಕಡೆ ಏಳುತ್ತಿರುವ ಮಹಡಿಗಳಿಗೆ ಇಟ್ಟಿಗೆ ಮರಳುಗಳನ್ನು ತಲೆಯ ಮೇಲೆ ಸಾಗಿಸುತ್ತಿರುವವಳೂ ಅವಳೇ. ಅವಳಿಗೆ ಯಾರೂ ಪ್ರೋಟೀನಿನ ಲೆಕ್ಕ ಹೇಳಲಿಲ್ಲ. ಹೊಸದಾಗಿರುವುದು ತನ್ನ ಮೈಯ ಹಿತಕ್ಕಾಗಿಯೇ ಭಾರವನ್ನೆತ್ತುವುದು, ಅದಕ್ಕೆ ತಕ್ಕಂತೆ ತಾನೂ ಉಣ್ಣಬೇಕೆನ್ನುವುದು. ಈ ಎರಡನೆಯ ತಿಳಿವಳಿಕೆ ವ್ಯಾಯಾಮಶಾಲೆಯಲ್ಲಿ ನಿಲ್ಲದೆ ಮನೆಯ ಊಟದ ಪಂಕ್ತಿಗೂ ಬರಬೇಕು. ಪುಡಿಯನ್ನು ಕೊಳ್ಳುವುದೋ ಬಿಡುವುದೋ ಅವರವರ ಅನುಕೂಲ. ಆದರೆ ಇಂದು ರಾತ್ರಿ ಬಡಿಸುವ ಮೊದಲು ಬೇಯಿಸಿದ ಕಾಳಿನಲ್ಲಿ ಮನೆಯಾಕೆಯ ಪಾಲನ್ನು ಎತ್ತಿಡುವುದಕ್ಕೆ ಹಣವೂ ಬೇಡ, ಡಬ್ಬಿಯೂ ಬೇಡ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಎತ್ತಿಡುವ ಅಗತ್ಯವೂ ಇರುವುದಿಲ್ಲ.