ಐದು ವರ್ಷ ಎಂದರೆ ಐದೇ ವರ್ಷ

ಊರಿಗೊಬ್ಬ ಗಟ್ಟಿ ನಾಯಕನಿದ್ದರೆ ಸಾಕು, ಪಂಚಾಯಿತಿ, ಪುರಸಭೆಗಳೆಲ್ಲ ಯಾಕೆ ಎನ್ನುವವರು ಮೊದಲು ಬೆರಳು ತೋರಿಸುವುದು ಮಹಾರಾಷ್ಟ್ರದ ಬಾರಾಮತಿಯತ್ತ. ಸಕ್ಕರೆ ಕಾರ್ಖಾನೆ, ಕೈಗಾರಿಕಾ ಪ್ರದೇಶ, ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎಲ್ಲವೂ ಅಲ್ಲಿವೆ. ಮುಂದೆ ಮುಖ್ಯಮಂತ್ರಿಯಾದ ಶರದ್ ಪವಾರ್ 1967ರಲ್ಲಿ ಅಲ್ಲಿಂದ ಶಾಸಕರಾದಂದಿನಿಂದ ಮುಂಬೈ, ದೆಹಲಿಗಳ ಅಧಿಕಾರ ಆ ತಾಲೂಕಿನ ಬೆನ್ನಿಗಿತ್ತು. ಇದನ್ನೇ ಮಾದರಿ ಎನ್ನುತ್ತೀರಾದರೆ, ದೇಶದ ಪ್ರತಿ ತಾಲೂಕಿಗೂ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಎಲ್ಲಿಂದ ತರುತ್ತೀರಿ?

ಅದೇ ತಾಲೂಕಿನ ಒಳಗೆ ಹೋಗಿ ನೋಡಿ. ನೀರಾ ಎಡದಂಡೆ ಕಾಲುವೆಯ ಕೆಳಗೆ ಆಳೆತ್ತರದ ಕಬ್ಬು. ಸುಪೆ ಕಡೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ಬರ ಬಿದ್ದರೆ ಟ್ಯಾಂಕರಿಗೆ ಕಾಯುವ ಕೊಡಗಳ ಸಾಲು. ಜನಾಯಿ-ಶಿರ್ಸಾಯಿ ಏತ ನೀರಾವರಿಯ ನೀರು ಯಾವಾಗ ಬರುತ್ತದೆಂಬ ಚಿಂತೆ. ಅರ್ಧ ಶತಮಾನದ ಗಟ್ಟಿ ನಾಯಕತ್ವಕ್ಕೂ ಇದು ಬಗೆಹರಿಯಲಿಲ್ಲ. ಒಬ್ಬರ ಕೃಪೆಯ ಮೇಲೆ ನಿಂತ ಬದುಕನ್ನು ನಮ್ಮ ಹಿರಿಯರು ಹಂಗು ಎಂದರು, ನೀವು ಆರ್ಥಿಕ ಭದ್ರತೆ ಎನ್ನುತ್ತಿದ್ದೀರಿ.

ಇನ್ನು ಅಲ್ಲಿನ ಚುನಾವಣೆಗಳ ಪಾಡು ನೋಡಿ. ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಎನ್ನುತ್ತದೆ ಸಂವಿಧಾನ. ಬಾರಾಮತಿ ನಗರ ಪರಿಷತ್ತಿಗೆ 2016ರ ಡಿಸೆಂಬರಿನಲ್ಲಿ ನಡೆದ ಚುನಾವಣೆ ಮತ್ತೆ ನಡೆದದ್ದು 2025ರ ಡಿಸೆಂಬರಿನಲ್ಲಿ. ಒಂಬತ್ತು ವರ್ಷ! ಆ ತಾಲೂಕು ಸೇರಿದ ಪುಣೆ ಜಿಲ್ಲಾ ಪರಿಷತ್ತು 2022ರ ಮಾರ್ಚಿನಲ್ಲೇ ಅಧಿಕಾರಿಗಳ ಕೈಗೆ ಹೋಯಿತು. ಮೀಸಲಾತಿಯ ವ್ಯಾಜ್ಯ, ವಾರ್ಡ್ ವಿಂಗಡಣೆ, ನೆಪಗಳಿಗೆ ಬರವಿರಲಿಲ್ಲ. 2025ರ ಮೇ 6ರಂದು ಸುಪ್ರೀಂ ಕೋರ್ಟ್ ನಾಲ್ಕು ತಿಂಗಳ ಗಡುವು ಕೊಟ್ಟರೆ, ಅದೂ ಮೀರಿತು.

ನಾವು ಬೀಗುವಂತಿಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಕಟ್ಟಿದ ಕರ್ನಾಟಕದಲ್ಲಿ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಬಿಜೆಪಿ ಹೋಗಿ ಕಾಂಗ್ರೆಸ್ ಬಂದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದಿತ್ತು. 2025ರಲ್ಲಿ ಆ ಒಂದು ಪಾಲಿಕೆಯನ್ನು ಐದು ಮಾಡಿದರೇ ಹೊರತು ಮತದಾರರನ್ನು ಕರೆಯಲಿಲ್ಲ. ಕಾರಣ ಎಲ್ಲರಿಗೂ ಗೊತ್ತು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಶಾಸಕರಿಗೆ ಬೇಡ. ಟೆಂಡರು, ವರ್ಗಾವಣೆ, ಬೋರ್‌ವೆಲ್ ಎಲ್ಲವೂ ತಮ್ಮ ಮನೆಯಂಗಳದಲ್ಲೇ ತೀರ್ಮಾನವಾಗಬೇಕು. 15ನೇ ಹಣಕಾಸು ಆಯೋಗದ (2021–26) ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಲೇಬೇಕೆಂಬ ಷರತ್ತಿತ್ತು. ಚುನಾವಣೆ ತಪ್ಪಿಸಿದವರು ನಮ್ಮ ಚರಂಡಿ, ಕುಡಿಯುವ ನೀರಿನ ದುಡ್ಡನ್ನೂ ತಪ್ಪಿಸಿದರು.

ಅಧಿಕಾರ ಹಂಚಿದರೆ ದೇಶ ಸಡಿಲವಾಗುತ್ತದೆ ಎಂಬ ಮಾತಿಗಂತೂ ಬುಡವೇ ಇಲ್ಲ. 1996ರಲ್ಲಿ ಕೇರಳ ತನ್ನ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ತೀರ್ಮಾನಿಸಿತು. ದೇಶ ಒಡೆಯಿತೇ? ನಲ್ಲಿಯಲ್ಲಿ ನೀರಿಲ್ಲವೆಂದು ಹೇಳಿಕೊಳ್ಳಲು ವಾರ್ಡಿನ ಸದಸ್ಯನೂ ಇಲ್ಲದ ಕಡೆಯೇ ಸಿಟ್ಟು ಬೀದಿಗೆ ಬರುತ್ತದೆ, ಆಮೇಲೆ ಅದನ್ನು ಜಾತಿ, ಧರ್ಮಗಳ ಕಡೆಗೆ ತಿರುಗಿಸುವವರು ಕಾದೇ ಇರುತ್ತಾರೆ.

ಸ್ಥಳೀಯ ಚುನಾವಣೆ ತಡವಾದಷ್ಟು ದಿನ ಆ ಭಾಗದ ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿಗೂ ತಡೆ ಬೀಳುವಂತೆ ಕಾನೂನು ತರಲಿ. ಮತ ಕೇಳಲು ಬರುವ ಪ್ರತಿಯೊಬ್ಬರ ಮುಂದೆಯೂ ಈ ಬೇಡಿಕೆ ಇಡಿ, ಒಪ್ಪದವರಿಗೆ ಮತ ಹಾಕಬೇಡಿ.